ಹಳೇ ಎಸ್‌ಎಂಪಿಎಸ್ ಸುಟ್ಟ ಸಂಗತಿ

ತರೀಕೆರೆ
11.2.2024, ಭಾನುವಾರ

ನಯನನ ಅಪ್ಪಾಜಿಗೆ ಭವ್ಯ ಮಾಡುವ ನಮಸ್ಕಾರಗಳು.

ಶಿವಮೊಗ್ಗದ ಊಟ, ನೀರು ಒಗ್ಗಿತೇ? ಕೈ ನಡುಗುವುದು ಕಡಿಮೆಯಾಗಿದೆಯೇ? ನಿಮ್ಮ ಕಾಗದದಲ್ಲಿ ಅಕ್ಷರ ನೆಟ್ಟಗಿದ್ದವು, ನೋಡಿ ಸಂತೋಷವಾಯಿತು. ಕುಡಿತ ಬಿಡಿಸುವ ಜಾಗದಲ್ಲಿ ಫೋನ್ ಕೊಡುವುದಿಲ್ಲವಲ್ಲ, ಅದೂ ಒಳ್ಳೆಯದೇ. ದನಿ ಕೇಳಿದ್ದರೆ ಕರಗಿಬಿಡುತ್ತಿದ್ದೆ. ಹತ್ತೊಂಬತ್ತನೇ ತಾರೀಖು ಸೋಮವಾರ ಬಿಡುತ್ತಾರೆ, ನೇರ ಮನೆಗೇ ಬರುತ್ತೇನೆ ಎಂದು ಬರೆದಿದ್ದೀರಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಅಂಗಡಿಯ ಸುದ್ದಿ. ನಮ್ಮ ಕಂಪ್ಯೂಟರಿಗೆ ಎಷ್ಟು ಮುಪ್ಪು ಬಂದಿತ್ತೆಂದರೆ, ಒಂದು ಪಹಣಿ ತೆಗೆಯುವಷ್ಟರಲ್ಲಿ ಗಿರಾಕಿ ಬಸ್ ಸ್ಟ್ಯಾಂಡಿಗೆ ಹೋಗಿ ಟೀ ಕುಡಿದು ಬರುತ್ತಿದ್ದರು. ಕೊನೆಗೆ ರಿಪೇರಿ ಸುದರ್ಶನನನ್ನು ಕರೆಸಿ ಹೊಸ ಬೋರ್ಡು, ಹೊಸ ರ‍್ಯಾಮು ಹಾಕಿಸಿದೆ. ಒಳಗೆ ಕರೆಂಟು ಕೊಡುವ ಡಬ್ಬ, ಅದೇ ಎಸ್‌ಎಂಪಿಎಸ್, ಅದನ್ನೂ ಬದಲಾಯಿಸಿ ಎಂದ. "ಅಕ್ಕಾ, ಈಗೇನೋ ಆನ್ ಆಗುತ್ತೆ, ಲೋಡ್ ಬಿದ್ರೆ ಕೈ ಕೊಡುತ್ತೆ. ಹೋಗೋವಾಗ ಅದೊಂದೇ ಹೋಗಲ್ಲ, ಜೊತೇಲಿರೋದ್ನೂ ಸುಟ್ಟೇ ಹೋಗೋದು." ನಾನು ಒಪ್ಪಲಿಲ್ಲ. ಅಂಗಡಿ ತೆರೆದ ವರ್ಷ ನೀವು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು ಅದು, ಒಂದು ದಿನವೂ ತೊಂದರೆ ಕೊಟ್ಟಿಲ್ಲ ಎಂದು ವಾದಕ್ಕೇ ನಿಂತೆ. ನಿಮ್ಮ ತಾಯಿ ಎಲೆಅಡಿಕೆ ಮೆಲ್ಲುತ್ತಾ, "ಬಿಡೋ ಸುದರ್ಶನ, ಇವ್ಳಿಗೆ ಏನಿದ್ರೂ ಹಳೇ ಗಂಡನ ಪಾದವೇ ಗತಿ" ಎಂದರು. ಎಲ್ಲರೂ ನಕ್ಕೆವು. ಹಳೆಯದನ್ನೇ ಹಾಕಿಸಿದೆ.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಮೊನ್ನೆ ಶುಕ್ರವಾರ ಸಂಜೆ ಯಾರದೋ ಮದುವೆ ಕಾಗದದ ಕೆಲಸ ಮಾಡುತ್ತಿದ್ದೆ, ಢಂ ಎಂದಿತು. ಅಂಗಡಿ ತುಂಬ ಹೊಗೆ, ಸುಟ್ಟ ವಾಸನೆ. ಹೊಸ ಬೋರ್ಡೂ ಹೋಯಿತು, ಹಾರ್ಡ್ ಡಿಸ್ಕೂ ಹೋಯಿತು. ನಯನ ಹುಟ್ಟಿದಾಗಿನ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಅತ್ತುಬಿಟ್ಟೆ ಕಣ್ರೀ, ಆದರೆ ಅದಕ್ಕಲ್ಲ. ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಮಗು ಕಾಣಲಿಲ್ಲ. ಬಗ್ಗಿ ನೋಡಿದರೆ ಮೇಜಿನ ಕೆಳಗೆ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಕೂತಿದ್ದಳು. ನೀವು ಕುಡಿದು ಬಂದು ಬಾಗಿಲು ಒದೆಯುವಾಗ ಕೂರುತ್ತಿದ್ದಳಲ್ಲ, ಹಾಗೆಯೇ. ಹೊಗೆಯ ಕಡೆ ತಿರುಗಿಯೂ ನೋಡದೆ, "ಅಪ್ಪಾಜಿ ಬಂದ್ರಾ ಅಮ್ಮಾ?" ಎಂದು ಕೇಳಿದಳು. ನಿಮ್ಮ ತಾಯಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಹೊಟ್ಟೆ ತುಂಬ ಉಣ್ಣಿ, ಮಾತ್ರೆ ತಪ್ಪಿಸಬೇಡಿ. ನಯನ ನಿಮ್ಮನ್ನು ಕೇಳಿದಳು ಎಂದು ಬರೆಯುವುದು ವಾಡಿಕೆ. ಹೇಗೆ ಕೇಳಿದಳೆಂದು ಬರೆದಾಯಿತು. ನಿಮ್ಮ ತಾಯಿಯ ಆಶೀರ್ವಾದ.

ಇಂತಿ ನಿಮ್ಮ
ಭವ್ಯ

ತಾ.ಕ.: ಸೋಮವಾರ ನಿಮ್ಮಣ್ಣ ಭೈರೇಶ್ ಭಾವ ಸಿಂಗಟಗೆರೆಯಿಂದ ಕಡೂರು ಸ್ಟೇಷನ್ನಿಗೆ ಬಂದಿರುತ್ತಾರೆ. ತೋಟದ ಮನೆಯಲ್ಲಿ ನಿಮಗೆ ವ್ಯವಸ್ಥೆ ಮಾಡಿದ್ದಾರೆ. ಅವರಿಗೆ ಫೋನ್ ಮಾಡಿದ್ದು ನಾನಲ್ಲ, ನಿಮ್ಮ ತಾಯಿ. ರೈಲು ಕಡೂರಿಗಿಂತ ಮೊದಲು ತರೀಕೆರೆಯಲ್ಲಿ ನಿಲ್ಲುತ್ತೆ. ಇಳಿಯಬೇಡಿ.