ಮೂಳೆಗೆ ಬಳಿದ ಅಂಟು

ಮಾರ್ಚ್ ೧೧

ನನ್ನ ಗುಬ್ಬಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ನೆಪ ತೆಗೆದು ಎದ್ದೆ. ಬೈಯಬೇಡ, ನಿಮ್ಮಮ್ಮ ಸಾಕಷ್ಟು ಬೈದಾಗಿದೆ.

ಮೊನ್ನೆ ನಿನ್ನ ಭಾಷಣಕ್ಕೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದೆವು. ಹನ್ನೆರಡು ಸಾವಿರ ವರ್ಷದ ಹಿಂದಿನ ಜಿಂಕೆಯ ಹಲ್ಲನ್ನು ಪದರಪದರವಾಗಿ ಕೊರೆದು, ಅದು ಕುಡಿದ ನೀರಿನ ಗುರುತನ್ನು ಆ ಪುಡಿಯಲ್ಲಿ ಹಿಡಿದು, ಯಾವಾಗ ಮಳೆ ಕೈಕೊಟ್ಟಿತ್ತು ಎಂದು ನೀನು ಹೇಳುವಾಗ ನನಗೆ ಮೈ ಜುಮ್ಮೆಂದಿತು. ಮೂವತ್ತು ವರ್ಷ ಮ್ಯೂಸಿಯಂ ಉಗ್ರಾಣದಲ್ಲಿ ಅವೇ ಮೂಳೆಗಳ ಧೂಳು ಒರೆಸಿದವನು ನಾನು. ಅವುಗಳೊಳಗೆ ಮಳೆಗಾಲವಿದೆ ಎಂದು ಕನಸಲ್ಲೂ ಎಣಿಸಿರಲಿಲ್ಲ. ಪಕ್ಕದವರು, "ಯಾರ್ರೀ ಈ ಹುಡುಗಿ, ಎಷ್ಟು ಬಿಡಿಸಿ ಹೇಳ್ತಾಳೆ" ಎಂದರು. "ನಮ್ಮನೇದೇ" ಎಂದಳು ನಿಮ್ಮಮ್ಮ, ಕುರ್ಚಿಯಲ್ಲಿ ನೆಟ್ಟಗೆ ಕೂತು.

ಮೂಳೆಗಳ ಮೇಲೆ ಮಾಡಿದ ಮೊದಲ ಪರೀಕ್ಷೆ ಕೆಟ್ಟದ್ದನ್ನೂ ನೀನು ಮುಚ್ಚಿಡಲಿಲ್ಲ. ಎರಡು ವರ್ಷ ಏನು ಮಾಡಿದರೂ ಆ ಜಿಂಕೆಗಳು ಇಂದಿನ ದನಗಳ ಮೇವು ತಿಂದಂತೆಯೇ ಕಾಣುತ್ತಿದ್ದವಂತೆ. ಯಾರೋ ದನದ ಚರ್ಮ ಕುದಿಸಿ ತೆಗೆದ ಅಂಟನ್ನು ಮೂಳೆಗೆ ಬಳಿದಿದ್ದರು. ಯಂತ್ರ ಓದಿದ್ದು ಅದನ್ನೇ. ಪಿಎಚ್‌ಡಿ ಕೈತಪ್ಪುವ ಹೊತ್ತಿನಲ್ಲಿ ಎಲ್ಲ ಬದಿಗಿಟ್ಟು, ಅಂಟು ಒಳಗಿಳಿಯದ ಹಲ್ಲಿನಿಂದ ಹೊಸದಾಗಿ ಶುರುಮಾಡಿದೆಯಲ್ಲ, ಆ ಗಟ್ಟಿತನ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ ಕಣೇ.

"ಅಂಟು ಬಳಿದ ಪುಣ್ಯಾತ್ಮ ಯಾರು?" ಎಂದು ಒಬ್ಬರು ಕೇಳಿದಾಗ ಎಲ್ಲರೂ ನಕ್ಕರು. ನೀನು ಮಾತ್ರ, "ಅವರು ಬಳೀದೇ ಇದ್ದಿದ್ರೆ ಇವೆಲ್ಲ ಪುಡಿಯಾಗಿ ಹೋಗಿರೋವು" ಎಂದೆ. ಆ ಪುಣ್ಯಾತ್ಮ ನಾನೇ. ನೀನು ಊಹಿಸಿಯೂ ಇರುತ್ತೀ. ಮೂಳೆಗಳು ಬಿರುಕು ಬಿಡುವುದನ್ನು ನೋಡಲಾಗದೆ, ಒಂದೊಂದಕ್ಕೂ ಎರಡೆರಡು ಸಲ ಬ್ರಷ್ ಆಡಿಸಿದೆ. ದಾಖಲೆ ಪುಸ್ತಕದಲ್ಲಿ ಬರೆಯಲಿಲ್ಲ. ಒಳ್ಳೇ ಹೊಳಪು ಬಂದಿದೆ ಎಂದು ಸಾಹೇಬರು ಬೆನ್ನು ತಟ್ಟಿದ್ದರು.

ಕೆಲಸದ ಗುಂಗಿನಲ್ಲಿ ಊಟ ಬಿಡಬೇಡ. ನೀನು ಕೈಯಿಟ್ಟದ್ದೆಲ್ಲ ಕೈಗೂಡಲಿ, ನೂರು ಕಾಲ ನಗುತ್ತಾ ಬಾಳು.

ನಿನ್ನ
ಅಪ್ಪ

ತಾ.ಕ.: ಮೂಳೆ ಒಯ್ಯುವ ದಿನ ಉಗ್ರಾಣದ ಬಾಗಿಲಲ್ಲಿ ನೀನು ಕೇಳಿದ್ದೆ, "ಅಪ್ಪಾ, ಇವಕ್ಕೆ ಏನಾದ್ರೂ ಬಳಿದಿದ್ದೀಯಾ? ಬಳಿದಿದ್ರೆ ಪರೀಕ್ಷೆ ಕೆಡುತ್ತೆ" ಎಂದು. "ಇಲ್ಲಮ್ಮ" ಎಂದೆ. ಮರೆತುಹೋಗಿತ್ತು ಎಂದು ನಿಮ್ಮಮ್ಮನಿಗೆ ಹೇಳಿದ್ದೇನೆ. ಮರೆತಿರಲಿಲ್ಲ. ನಿನ್ನ ಪ್ರೊಫೆಸರ್ ಪಕ್ಕದಲ್ಲೇ ನಿಂತಿದ್ದರು, ಅವರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಆಮೇಲೆ ಎರಡು ವರ್ಷ ನೀನು ಫೋನಿನಲ್ಲಿ, "ನಂಗೇ ಕೆಲಸ ಬರಲ್ಲ ಅನ್ಸುತ್ತೆ ಅಪ್ಪಾ" ಎಂದು ಅಳುತ್ತಿದ್ದೆ. ಅಳಬೇಡ ಎನ್ನುತ್ತಿದ್ದೆ, ಅಷ್ಟೇ.