ಸವೆಯದ ಪೆಡಲ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.10
ಮೀಟರ್ 1,86,212.

ಆಯಿಲ್ ಸರಿ. ನೀರು ಸರಿ. ಹಿಂದಿನ ಟೈರೊಂದಕ್ಕೆ ಗಾಳಿ ಕಡಿಮೆ, ಹಾಕಿಸಬೇಕು. ಗಾಜು ಒರೆಸಿದ್ದಾಯಿತು.

ಮಧ್ಯಾಹ್ನ — ಡಾಕ್ಟರಮ್ಮ ಕ್ಲಿನಿಕ್ಕಿನ ಮೆಟ್ಟಿಲಿಳಿಯುತ್ತಾ ಹೇಳಿದರು. "ಈ ತಿಂಗಳಿಗೆ ಕ್ಲಿನಿಕ್ ಮುಚ್ತೀನಿ ಕಣ್ರೀ. ಕೈ ನಡುಗುತ್ತೆ. ಗಾಡೀನೂ ಮಾರಿಬಿಡೋಣ. ನೀವೂ ಸ್ವಲ್ಪ ಆರಾಮಾಗಿರಿ."

ಹನ್ನೊಂದು ವರ್ಷದಿಂದ ಅವರ ಡ್ರೈವರ್ ನಾನು. ಅಷ್ಟೂ ವರ್ಷ ಇದೊಂದೇ ಗಾಡಿ. ಶೋರೂಮಿನಿಂದ ಹೊರಗೆ ತಂದವನೂ ನಾನೇ. ಅಂದಿನಿಂದ ದಿನಾ ಮೀಟರ್ ಬರೆದಿದ್ದೇನೆ, ವರ್ಷಕ್ಕೊಂದು ಪುಸ್ತಕ. "ಆಗಲಿ ಅಮ್ಮಾ" ಅಂದೆ. ವಾಪಸ್ ಬರುವಾಗ ಎರಡನೇ ಗೇರಿನ ಬದಲು ನಾಲ್ಕನೆಯದು ಬಿತ್ತು. ನನ್ನ ಕೈಲಿ!

ಮಾರ್ಚ್ 6, ಗುರುವಾರ. 1,86,240.

ಹಳೇ ಗಾಡಿ ನೋಡುವುದರಲ್ಲಿ ನಾನು ಎತ್ತಿದ ಕೈ. ನಮ್ಮ ಬೀದಿಯಲ್ಲಿ ಯಾರೇ ಸೆಕೆಂಡ್ ಹ್ಯಾಂಡ್ ಕೊಳ್ಳಲಿ, ಮೊದಲು ನನ್ನ ಬಾಗಿಲು ತಟ್ಟುತ್ತಾರೆ. ಇವತ್ತು ನಮ್ಮ ಗಾಡಿಯನ್ನೇ ಯಾರದೋ ಗಾಡಿ ಅಂದುಕೊಂಡು ನೋಡಿದೆ. ಆಯಿಲ್ ಮುಚ್ಚಳದೊಳಗೆ ಬಿಳಿ ನೊರೆ — ಇಲ್ಲ. ಹೊಗೆ — ಇಲ್ಲ. ಟೈರುಗಳು ನಾಲ್ಕೂ ಸಮನಾಗಿ ಸವೆದಿವೆ. ಸೀಟ್ ಬೆಲ್ಟ್ ಕೊನೆಯವರೆಗೂ ಎಳೆದೆ. ಅದರ ಮೇಲೆ ಕೆಸರಿನ ಗೆರೆ ಇದ್ದರೆ ಗಾಡಿ ಎಲ್ಲೋ ನೀರಲ್ಲಿ ಮುಳುಗಿ ಎದ್ದಿದೆ ಅಂತ ಲೆಕ್ಕ. ನಮ್ಮದು ಹೊಸ ಲಾಡಿಯ ಹಾಗಿದೆ. ಸ್ಟೇರಿಂಗ್ ಬಿಟ್ಟರೂ ಅತ್ತಿತ್ತ ಎಳೆಯುವುದಿಲ್ಲ. ಎದೆ ಉಬ್ಬಿತು, ಯಾಕೆ ಸುಳ್ಳು ಹೇಳಲಿ. ಹನ್ನೊಂದು ವರ್ಷ ಹೀಗೆ ಇಟ್ಟುಕೊಂಡವರು ಇದ್ದರೆ ಬಂದು ತೋರಿಸಲಿ.

ಎಡಗಡೆ ಹಿಂದಿನ ಬಾಗಿಲು ಮಾತ್ರ ನೋಡಲಿಲ್ಲ. ಅದರಲ್ಲಿ ನೋಡುವುದೇನಿದೆ...

ನಾನು ಗಾಡಿಯಡಿ ಮಲಗಿ ಕೊಳೆ ಮಾಡಿಕೊಂಡ ಅಂಗಿ ಒಗೆಯುತ್ತಾ ಹೆಂಡತಿ: "ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಮಂಡಿ ನೋವು ಅಂದ್ರೆ ಒಂದು ದಿನ ಹಿಂಗೆ ಬಗ್ಗಿ ನೋಡಿದ್ದೀರಾ?"

ಮಾರ್ಚ್ 8, ಶನಿವಾರ. 1,86,251. ಮಧ್ಯಾಹ್ನ

ಕೊಳ್ಳುವವರು ಬಂದಿದ್ದರು. ಒಬ್ಬರು ಟೀಚರಮ್ಮ, ಈಗಷ್ಟೇ ಲೈಸೆನ್ಸ್ ಆಗಿದೆಯಂತೆ. ಜೊತೆಗೆ ಒಬ್ಬ ಮೆಕ್ಯಾನಿಕ್.

ಅವನಿಗೆ ಕೆಲಸ ಗೊತ್ತು. ಬಂದವನೇ ಬಾನೆಟ್ ಮೇಲೆ ಅಂಗೈ ಇಟ್ಟ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿದ್ದರೆ ಎಂಜಿನ್ನಿನ ರೋಗ ಕಾಣುವುದಿಲ್ಲ. ತಣ್ಣಗಿತ್ತು. ತಲೆಯಾಡಿಸಿದ. ಅರ್ಧ ಗಂಟೆ ಏನೂ ಸಿಗಲಿಲ್ಲ ಅವನಿಗೆ. ನಾನು ಕೈಕಟ್ಟಿ ಮೀಸೆಯಡಿ ನಗುತ್ತಾ ನಿಂತಿದ್ದೆ.

ಆಮೇಲೆ ಡ್ರೈವರ್ ಸೀಟಿನ ಮುಂದೆ ಕೆಳಗೆ ಬಗ್ಗಿದ.

"ಪೆಡಲ್ ರಬ್ಬರ್ ಯಾವಾಗ ಬದಲಾಯಿಸಿದ್ರಿ?"

"ಬದಲಾಯಿಸಿಲ್ಲ."

"ಒಂದು ಲಕ್ಷ ಎಂಬತ್ತಾರು ಸಾವಿರ ಓಡಿದ ಗಾಡಿ. ರಬ್ಬರಿನ ಗೆರೆ ಹಂಗೇ ಇದೆ. ಯಾರ ಕಿವಿಗೆ ಹೂ ಇಡ್ತೀರಿ? ಮೀಟರ್ ಹಿಂದಕ್ಕೆ ತಿರುಗಿಸಿದೋರು, ಸವೆದಿದ್ದು ಕಾಣಬಾರ್ದು ಅಂತ ರಬ್ಬರೂ ಹೊಸದು ಹಾಕ್ತಾರೆ."

ಮುಖಕ್ಕೆ ಹೊಡೆದ ಹಾಗಾಯಿತು. "ಬರಿಗಾಲಲ್ಲಿ ಓಡಿಸ್ತೀನಿ ಸ್ವಾಮಿ, ಚಪ್ಪಲಿ ಸೀಟಿನ ಕೆಳಗಿರುತ್ತೆ" ಅಂದೆ. ಅವನು ಟೀಚರಮ್ಮನ ಕಡೆ ನೋಡಿ ನಕ್ಕ. ಜೇಬಿನಿಂದ ಮ್ಯಾಗ್ನೆಟ್ ತೆಗೆದ. ಸುತ್ತಲೂ ಹಿಡಿದುಕೊಂಡು ಹೋದ. ಎಲ್ಲಾ ಕಡೆ ಟಕ್ಕೆಂದು ಕಚ್ಚಿತು. ಎಡಗಡೆ ಹಿಂದಿನ ಬಾಗಿಲಿನ ಕೆಳಗೆ ಜಾರಿ ಬಿತ್ತು.

"ಇಲ್ಲಿ ತಗಡಲ್ಲ, ಪುಟ್ಟಿ. ಗುದ್ದಿದ ಗಾಡಿ."

ಡಾಕ್ಟರಮ್ಮ ಎದ್ದೇ ಬಂದರು. "ಸಾಧ್ಯಾನೇ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ. ಅದೂ ನಮ್ಮ ಡ್ರೈವರ್ ಕೈಲಿ! ಕೇಳಿ ಬೇಕಾದ್ರೆ. ಹೇಳ್ರೀ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಬಾಗಿಲ ಕಡೆಗೇ ನೋಡುತ್ತಾ ನಿಂತೆ. ಟೀಚರಮ್ಮ, "ದೊಡ್ಡೋರು ಅಂತ ನಂಬಿಕೊಂಡು ಬಂದೆವು" ಅಂದು ಹೊರಟರು. ನನಗಂದಿದ್ದರೆ ಪರವಾಗಿರಲಿಲ್ಲ. ಅಂದಿದ್ದು ಡಾಕ್ಟರಮ್ಮನಿಗೆ.

ಅದೇ ದಿನ, ಸಂಜೆ

ಹಳೇ ಪುಸ್ತಕ ತೆಗೆದೆ. ನಾಲ್ಕು ವರ್ಷದ ಹಿಂದಿನದು. ನನ್ನದೇ ಅಕ್ಷರ.

"ಜೂನ್ 13, ಭಾನುವಾರ. ಡಾಕ್ಟರಮ್ಮನಿಗೆ ಗೊತ್ತಿಲ್ಲದೆ ಮಗಳಿಗೆ ಗಾಡಿ ಕಲಿಸುವುದು ಇದು ಆರನೇ ವಾರ. ರಿವರ್ಸಿನಲ್ಲಿ ಕ್ಲಿನಿಕ್ಕಿನ ಗೇಟಿನ ಕಂಬಕ್ಕೆ ಒರಗಿಸಿದಳು. ಎಡ ಹಿಂದಿನ ಬಾಗಿಲು. ಡೆಂಟಿಂಗಿನ ಗೆಳೆಯ ಸಂಜೆಯೊಳಗೆ ಸರಿ ಮಾಡಿಕೊಟ್ಟ. ಹುಡುಗಿ ಅಳುತ್ತಿದ್ದಾಳೆ. ಕಲಿಸಿದ ನನ್ನದೇ ತಪ್ಪು."

ಮರುದಿನದ್ದು: "ಡಾಕ್ಟರಮ್ಮನಿಗೆ ನೆಗಡಿ. ಬಣ್ಣದ ವಾಸನೆ ಗೊತ್ತಾಗಲಿಲ್ಲ. ದೇವರು ದೊಡ್ಡವನು."

ಮೀಟರ್ ಸತ್ಯ ಅಂತ ತೋರಿಸಲು ಈ ಹನ್ನೊಂದು ಪುಸ್ತಕ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಇದನ್ನು ತೋರಿಸಿದರೆ ನಾನು ಕಳ್ಳ. ತೋರಿಸದಿದ್ದರೆ ಅವರು ಸುಳ್ಳುಗಾತಿ. ಪುಟ ಹರಿದು ಕೊಡಬಹುದು... ಥೂ.

ಮಾರ್ಚ್ 11. 1,86,259.

ಬರೆಯಲು ಏನೂ ಇಲ್ಲ.

ಮಾರ್ಚ್ 13, ಗುರುವಾರ. 1,86,270.

ಮಗಳು ಬಂದಿದ್ದಳು, ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ. ಬಸ್ ಡ್ರೈವರ್ ನನ್ನ ಮಗಳು. ನಲವತ್ತೆರಡು ಸೀಟಿನ ಬಸ್ಸು. ಅದನ್ನು ಡಿಪೋದ ಇಕ್ಕಟ್ಟಿನಲ್ಲಿ ಅವಳು ರಿವರ್ಸ್ ತೆಗೆಯುವುದನ್ನು ಗೇಟಿನಾಚೆ ನಿಂತು ನೋಡಿದ್ದೇನೆ. ಅವಳಿಗೆ ಹೇಳಿಲ್ಲ. ಒಂದೇ ಏಟಿಗೆ ತೆಗೆಯುತ್ತಾಳೆ.

ಅವಳಮ್ಮ ಎಲ್ಲಾ ಊದಿದ್ದಾಳೆ ಅವಳಿಗೆ. "ಅಪ್ಪಾ, ಗುದ್ದಿದ್ದು ನಾನು. ಪುಸ್ತಕ ತಗೊಂಡು ಹೋಗಿ ತೋರಿಸಿ. ನಾನೂ ಬರ್ತೀನಿ."

"ನನ್ನ ಮರ್ಯಾದೆ?"

"ಅವರ ಮರ್ಯಾದೆ ಹೋಗಿ ಐದು ದಿನ ಆಯ್ತಲ್ಲಪ್ಪ."

ನಾಲಿಗೆ ಉದ್ದ. ನನ್ನದೇ ರಕ್ತ.

ಮಾರ್ಚ್ 15, ಶನಿವಾರ. 1,86,281.

ನಾನೇ ಫೋನ್ ಮಾಡಿ ಟೀಚರಮ್ಮನನ್ನೂ ಮೆಕ್ಯಾನಿಕ್ಕನ್ನೂ ಕರೆಸಿದೆ. ಹನ್ನೊಂದು ಪುಸ್ತಕ ಚೀಲದಲ್ಲಿ ಹೊತ್ತುಕೊಂಡು ಹೋಗಿ ಕ್ಲಿನಿಕ್ಕಿನ ಮೇಜಿನ ಮೇಲೆ ಸುರಿದೆ. ಜೂನ್ 13 ಅನ್ನು ಮೊದಲು ತೆಗೆದು ಮೆಕ್ಯಾನಿಕ್ ಮುಂದಿಟ್ಟೆ. ಅವನು ಗಟ್ಟಿಯಾಗಿ ಓದಿದ. ನೆಗಡಿಯನ್ನೂ ಬಿಡದೆ ಓದಿದ, ಪುಣ್ಯಾತ್ಮ. ಮಗಳು ಪಕ್ಕದಲ್ಲೇ ನಿಂತು, "ಗುದ್ದಿದ್ದು ನಾನೇ" ಅಂದಳು. ತಲೆ ತಗ್ಗಿಸಲಿಲ್ಲ. ನಾನು ತಗ್ಗಿಸಿದ್ದೆ.

ಡಾಕ್ಟರಮ್ಮ ಆ ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡು ಇನ್ನೊಂದು ಸಲ ಓದಿದರು.

ಮೆಕ್ಯಾನಿಕ್ ಬೇರೆ ಪುಸ್ತಕ ತೆರೆದ. ಇನ್ನೊಂದು. ಅಂಕಿ ಅಂಕಿಗೆ ಬೆರಳಿಟ್ಟು ನೋಡಿದ. ನಡುವೆ ಒಂದು ಕಡೆ ನಿಂತು ಓದಿದ: "ಡಾಕ್ಟರಮ್ಮ ಇವತ್ತು ಹಿಂದಿನ ಸೀಟಿನಿಂದ ಮೂವತ್ತೆರಡು ಸಲ 'ನಿಧಾನ' ಅಂದರು. ಎಣಿಸಿದೆ." ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಮೂವತ್ತೆರಡೇನಾ?" ಅಂದರು ಡಾಕ್ಟರಮ್ಮ. "ಕಡಿಮೆ ಆಯ್ತು."

ಮೆಕ್ಯಾನಿಕ್ ನನ್ನ ಕಾಲು ನೋಡಿದ. "ಅಂಗಾಲು ತೋರಿಸಿ." ತೋರಿಸಿದೆ. ಎಡಗಾಲಲ್ಲಿ ಕ್ಲಚ್ಚಿನ ಅಗಲಕ್ಕೆ ಜಡ್ಡುಗಟ್ಟಿದೆ. "ಅದಕ್ಕೆ ಮುಲಾಮು ಬರ್ಕೊಟ್ಟೋಳು ನಾನೇ. ಚಪ್ಪಲಿ ಹಾಕ್ಕೊಳ್ರೀ ಅಂದ್ರೆ ಕೇಳಲ್ಲ" ಅಂದರು ಡಾಕ್ಟರಮ್ಮ. ಅವನು ಪುಸ್ತಕ ಮುಚ್ಚಿದ.

"ತಗೊಳ್ಳಿ ಟೀಚರ್. ತನ್ನ ತಪ್ಪನ್ನೇ ಹಿಂಗೆ ಬರೆದಿಟ್ಟೋನು ಕಿಲೋಮೀಟರ್ ಸುಳ್ಳು ಬರೀತಾನಾ? ಇಂಥ ಗಾಡಿ ನಾನಂತೂ ನೋಡಿಲ್ಲ."

ಇಂಥ ಗಾಡಿ ನಾನಂತೂ ನೋಡಿಲ್ಲ! ಇದನ್ನು ಇನ್ನೊಂದು ಸಲ ಬರೆಯಬೇಕೆನಿಸುತ್ತಿದೆ.

ಟೀಚರಮ್ಮ ಡಾಕ್ಟರಮ್ಮನ ಕೈ ಹಿಡಿದು, "ಅವತ್ತು ಅಂದಿದ್ದನ್ನು ಮನಸ್ಸಿಗೆ ಹಾಕ್ಕೋಬೇಡಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಗಾಡಿ ಜೊತೆ ಪುಸ್ತಕಗಳನ್ನೂ ಕೊಡಬಹುದಾ ಅಂತ ಕೇಳಿದರು. "ಗಾಡಿ ಅವರದ್ದು, ಕೊಡ್ತಾರೆ. ಪುಸ್ತಕ ನಂದು, ಕೊಡಲ್ಲ" ಅಂದೆ.

ಅವರೆಲ್ಲ ಹೋದ ಮೇಲೆ ಡಾಕ್ಟರಮ್ಮ: "ಬಾಗಿಲಿಗಲ್ಲ ಕಣ್ರೀ ನನಗೆ ಬೇಜಾರು. ಮಗಳಿಗೆ ಕಲಿಸ್ತೀನಿ ಅಂತ ಕೇಳಿದ್ರೆ ಬೇಡ ಅಂತಿದ್ನಾ?"

ಕಣ್ಣಲ್ಲಿ ನೀರು ಬಂತು. ಅವರು ಬೇಕೆಂದೇ ಬೇರೆ ಕಡೆ ನೋಡಿದರು.

ಮಾರ್ಚ್ 18, ಮಂಗಳವಾರ. 1,86,296.

ಟೀಚರಮ್ಮನಿಗೆ ದೊಡ್ಡ ರಸ್ತೆಯ ಭಯ. ಶನಿವಾರ ಗಾಡಿಯನ್ನು ಅವರ ಮನೆಗೇ ಮುಟ್ಟಿಸಬೇಕು. "ನಾನು ಬಿಟ್ಟು ಬರ್ತೀನಿ ಅಮ್ಮಾ" ಅಂದೆ.

"ನೀವು ಬೇಡ. ಗುದ್ದಿದವಳೇ ಓಡಿಸ್ಲಿ. ನನ್ನ ಗಾಡೀಲಿ ಏನು ಕಲಿತಿದ್ದಾಳೆ ಅಂತ ನಾನೂ ನೋಡ್ಬೇಕು. ನೀವು ನನ್ನ ಪಕ್ಕ ಕೂತ್ಕೊಳ್ಳಿ, ಹಿಂದೆ."

ಮಾರ್ಚ್ 22, ಶನಿವಾರ. ಗಾಡಿಯೊಳಗೆ

ಹಿಂದಿನ ಸೀಟು. ಹನ್ನೊಂದು ವರ್ಷದಲ್ಲಿ ಒರೆಸಿದ್ದೇನೆ, ಧೂಳು ಕೊಡವಿದ್ದೇನೆ, ಕೂತಿರಲಿಲ್ಲ. ಮೆತ್ತಗಿದೆ.

ಮಗಳು ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಆ ಗೇಟಿನ ಕಂಬದ ಪಕ್ಕದಿಂದಲೇ ರಿವರ್ಸ್ ತೆಗೆದಳು, ಒಂದೇ ಏಟಿಗೆ. ಡಾಕ್ಟರಮ್ಮ ಹುಬ್ಬೇರಿಸಿ ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ, ಅವಳನ್ನು ಹೆತ್ತವನು ಬೇರೆ ಯಾರೋ ಎಂಬಂತೆ. ನಗು ತಡೆಯಲಾಗಲಿಲ್ಲ.

"ನಿಧಾನ ಮಗಳೇ" ಅಂದೆ.

"ಏಳು" ಅಂದರು ಡಾಕ್ಟರಮ್ಮ. ಎಣಿಸುತ್ತಿದ್ದಾರೆ.

ಟೀಚರಮ್ಮನ ಬೀದಿ ಬಂತು. ಅವರು ಗೇಟಿನಲ್ಲೇ ನಿಂತಿದ್ದಾರೆ. ಕೊನೇ ಮೀಟರ್ ಬರೆದುಕೊಳ್ಳಬೇಕು. ಇಲ್ಲಿಂದ ಕಾಣುವುದಿಲ್ಲ, ಅವಳ ಭುಜ ಅಡ್ಡ ಇದೆ. ಕೇಳಿದೆ. ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಒಂದೊಂದೇ ಅಂಕಿ ಬಿಡಿಸಿ ಹೇಳುತ್ತಿದ್ದಾಳೆ —

ಒಂದು, ಎಂಟು, ಆರು, ಮೂರು...