ಗುರುವಾರದವರೆಗಿನ ಸಿಟ್ಟು

7 ಆಗಸ್ಟ್ 1998, ಶುಕ್ರವಾರ. ಮ್ಯಾಟಿನಿ ಬಿಟ್ಟ ಮೇಲೆ

ಮತ್ತೆ ಅದೇ ಗೋಳು. ಒಂದು ಟಿಕೆಟ್ಟಿಗೆ ಮೂರು ಮಕ್ಕಳನ್ನು ಸೆರಗಲ್ಲಿ ಮುಚ್ಚಿಕೊಂಡು ಬರುವವರು. ಲೇಡೀಸ್ ಗೇಟಿನಲ್ಲಿ ಟಿಕೆಟ್ ಹರಿಯುತ್ತ ನಿಂತು ನಿಂತು ಕಾಲು ಸೆಟೆದಿವೆ. ಹೊಸ ಪಿಚ್ಚರ್. ಅನಾಥಾಶ್ರಮದ ಕಥೆ. ವಾರ್ಡನ್ ಮಕ್ಕಳನ್ನು ಬಡಿಯುತ್ತಾನೆ, ಒಬ್ಬ ಹುಡುಗಿಯನ್ನು ಸ್ಟೋರ್ ರೂಮಿನಲ್ಲಿ ಕೂಡಿಹಾಕುತ್ತಾನೆ. ಕೊನೆಗೂ ಯಾರೂ ಬಿಡಿಸುವುದಿಲ್ಲ. ಮ್ಯಾನೇಜರ್ ನಿಜಗುಣಪ್ಪ ಹಣೆ ಬಡಿದುಕೊಂಡರು. "ಫೈಟಿಲ್ಲ, ಹಾಡಿಲ್ಲ. ಸೋಮವಾರಕ್ಕ ಡಬ್ಬಿ ವಾಪಸ್, ನೋಡ ಫಿರದೋಸ್."

ಬೈಲಹೊಂಗಲದ ಹೆಂಗಸರ ವಿಷಯ ಅವರಿಗೇನು ಗೊತ್ತು. ಎಲ್ಲರೂ ಮೂಗು ಕೆಂಪಗೆ ಮಾಡಿಕೊಂಡು ಹೊರಬಂದರು. ನಾನು ಅಳಲಿಲ್ಲ. ಸ್ಟೋರ್ ರೂಮ್ ಬಂದಾಗ ಪ್ರಜ್ಞಾ ನೆನಪಾದಳು. ಪಕ್ಕದ ಮನೆ ಬಾಯವ್ವನ ಮಗಳು, ಹತ್ತು ವರ್ಷ. ಬಾಯವ್ವನಿಗೆ ಗಂಡ ಇಲ್ಲ, ಮಾರ್ಕೆಟ್ಟಿನಲ್ಲಿ ಕಾಳು ಹಸನು ಮಾಡುತ್ತಾಳೆ. ಹುಡುಗಿಯನ್ನು ಯರಗಟ್ಟಿ ರಸ್ತೆಯ ಬಡಮಕ್ಕಳ ಬೋರ್ಡಿಂಗಿಗೆ ಹಾಕಿದ್ದಾಳೆ. ಪಂಚಮಿಗೆ ಬಂದಾಗ ಪ್ರಜ್ಞಾ ಜೋಕಾಲಿ ಹತ್ತಲಿಲ್ಲ. ಮನೆ ಬಾಗಿಲು ಮುಚ್ಚಿದರೆ ಚೀರುತ್ತಿದ್ದಳು. ಎರಡೂ ಮುಂಗೈ ಮೇಲೆ ಬರೆ. "ಬಿದ್ದಾಳ," ಅಂದಳು ಬಾಯವ್ವ.

ಬಿದ್ದರೆ ಬರೆ ಏಳುತ್ತದಾ? ಅವತ್ತೇ ಕೇಳಬೇಕಿತ್ತು...

9 ಆಗಸ್ಟ್, ರವಿವಾರ

ಹೌಸ್‌ಫುಲ್. ವಾರ್ಡನ್ ಬಂದಾಗಲೆಲ್ಲ ಪರದೆಗೆ ಚಪ್ಪಲಿ. ನಿಜಗುಣಪ್ಪನವರಿಗೆ ಪರದೆ ಹರಿದ ದುಃಖ, ಥೇಟರ್ ತುಂಬಿದ ಖುಷಿ— ಎರಡೂ ಒಂದೇ ಮುಖದಲ್ಲಿ. ಚಹಾದಂಗಡಿಯಲ್ಲಿ ಆ ವಾರ್ಡನ್ನಿಗೆ ಗಲ್ಲು ಕೊಟ್ಟಾಯಿತು. ಎಲ್ಲರಿಗಿಂತ ಜೋರು ವಿರೂಪಾಕ್ಷ ಸಾಹುಕಾರರದು. ಹತ್ತಿ ವ್ಯಾಪಾರಿ. ಪ್ರಜ್ಞಾ ಇರುವ ಬೋರ್ಡಿಂಗಿನ ಕಮಿಟಿಗೆ ಅವರೇ ಅಧ್ಯಕ್ಷರು. ಅವರ ಕರ್ಚೀಫು ಹಸಿಯಾಗಿತ್ತು, ಕಣ್ಣಾರೆ ನೋಡಿದೆ. ಧೈರ್ಯ ಮಾಡಿ ಹೋಗಿ ಹುಡುಗಿಯ ಕೈ ವಿಷಯ ಹೇಳಿದೆ.

"ಏ ತಂಗಿ, ಅದು ಪಿಚ್ಚರ್. ಇದು ಸಂಸ್ಥಾ."

ಮೈಯೆಲ್ಲ ಉರಿಯಿತು. ಬಿಡುವುದಿಲ್ಲ ಇದನ್ನು.

10 ಆಗಸ್ಟ್, ಸೋಮವಾರ

ಬಾಯವ್ವನನ್ನು ಮ್ಯಾಟಿನಿಗೆ ಕೂಡಿಸಿದೆ. ಇಂಟರ್ವಲ್ ಆದಮೇಲೆ ಸೀಟು ಖಾಲಿ. ಹುಡುಕಿದರೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಕುಂತಿದ್ದಾಳೆ.

"ಅಕಿ ನನಗ ಹೇಳಿದ್ಲ ಫಿರದೋಸಕ್ಕ. ನಾನ ಬಾಯಿ ಮುಚ್ಚಿಸಿದೆ. ಅಲ್ಲಿ ಎರಡ ಹೊತ್ತ ಊಟ ಹಾಕತಾರ. ಬಿಡಿಸಿಕೊಂಡ ಬಂದ ಎಲ್ಲಿ ಇಟಗೊಳ್ಳಲಿ?"

"ನನ್ನ ಮನ್ಯಾಗ."

ನನ್ನ ಗಂಡ ಹಜರತಸಾಬನನ್ನು ಕೇಳದೇ ಹೇಳಿಬಿಟ್ಟೆ. ಆಮೇಲೆ ಕೇಳಿದರಾಯಿತು.

11 ಆಗಸ್ಟ್, ಮಂಗಳವಾರ

ಬಾಯವ್ವನ ಜೊತೆ ಬೋರ್ಡಿಂಗಿಗೆ ಹೋದೆ. ಅಲ್ಲಿನ ವಾರ್ಡನ್ ಹಣಮಂತಪ್ಪ ಭಾಳ ಮರ್ಯಾದಸ್ಥ. ಕುರ್ಚಿ ಹಾಕಿಸಿದ, ಚಹಾ ತರಿಸಿದ. ಹುಡುಗಿಯನ್ನು ಮಾತ್ರ ತೋರಿಸಲಿಲ್ಲ. "ಭೇಟಿ ತಿಂಗಳ ಕಡೇ ರವಿವಾರ ಅಷ್ಟ ರಿ. ಬುತ್ತಿ ತಂದಿದ್ರ ಆಫೀಸಿನ್ಯಾಗ ಕೊಟ್ಟ ಹೋಗ್ರಿ, ಮುಟ್ಟಸ್ತೇನಿ."

ಎದ್ದು ಹೊರಟಾಗ ಅಂದ, "ನಾನೂ ಆ ಪಿಚ್ಚರ್ ನೋಡೇನ್ರಿ. ಕಣ್ಣಾಗ ನೀರ ಬಂದುವು."

ಯಾಕೆ ಕುಡಿದೆನೋ ಆ ಚಹಾ.

12 ಆಗಸ್ಟ್, ಬುಧವಾರ

ಪಿಚ್ಚರಿಗೆ ನಾಳೆ ಕೊನೆ. ಶುಕ್ರವಾರ ಫೈಟಿಂಗ್ ಪಿಚ್ಚರಿನ ಡಬ್ಬಿ ಬರುತ್ತದೆ. ಊರಿನ ಸಿಟ್ಟಿಗೂ ನಾಳೆಯೇ ಕೊನೆ. ಇವರನ್ನು ನಾನು ಬಲ್ಲೆ— ನಾಡಿದ್ದು ಹೀರೋಗೆ ಸಿಳ್ಳೆ ಹೊಡೆಯುತ್ತ ಕೂತಿರುತ್ತಾರೆ. ಏನು ಮಾಡುವುದಿದ್ದರೂ ಅಷ್ಟರೊಳಗೆ.

ಹಜರತಸಾಬ ಥೇಟರಿನ ಪ್ರಚಾರದ ಆಟೋ ಓಡಿಸುತ್ತಾನೆ. ಮೈಕಿನಲ್ಲಿ ಕೂಗುವುದೂ ಅವನೇ. ಏನು ಕೂಗಬೇಕೆಂದು ಬೆಳಿಗ್ಗೆ ಹೇಳಿಕೊಟ್ಟೆ. ಕೇಳಿಯೇ ಬೆವೆತ.

"ನೌಕರಿ ಹೋಗತೈತಿ."

"ಇದರಾಗ ಯಾರಿಗರ ಬೈದೇನೇನು?"

ಬೈಗುಳ ಒಂದೂ ಇಲ್ಲ. ಬೇಕಂತಲೇ ಹಾಕಲಿಲ್ಲ.

ಮಧ್ಯಾಹ್ನ ಓಣಿ ಓಣಿಯಲ್ಲೂ ಅವನ ಧ್ವನಿ. "ನಾಳೆ ಕಡೇ ದಿವಸ! ಕಡೇ ದಿವಸ! ಪಿಚ್ಚರ್ ನೋಡಿ ಅತ್ತ ಅವ್ವಂದಿರು, ಅಕ್ಕಂದಿರು, ಮ್ಯಾಟಿನಿ ಬಿಟ್ಟ ಮ್ಯಾಲೆ ಒಂದೊಂದ ಬುತ್ತಿ ಕಟಗೊಂಡ ಬರ್ರಿ! ನಮ್ಮ ಬೋರ್ಡಿಂಗ್ ಮಕ್ಕಳಿಗೆ ನಮ್ಮ ಕೈಯಾರೆ ಉಣಸೂಣು!"

ಮೊದಲು ನಡುಗುತ್ತಿತ್ತು. ನಮ್ಮ ಓಣಿಗೆ ಬರುವಷ್ಟರಲ್ಲಿ ಗಟ್ಟಿಯಾಗಿತ್ತು. ಬಹಳ ದಿನದ ಮೇಲೆ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿತು.

13 ಆಗಸ್ಟ್, ಗುರುವಾರ. ರಾತ್ರಿ

ಈಗಷ್ಟೇ ಮನೆಗೆ ಬಂದೆ. ಮೊದಲು ಇದನ್ನು ಬರೆಯುತ್ತೇನೆ.

ಬಂದರು. ಹೆಂಗಸರ ತಲೆ ಮೇಲೆ, ಕಂಕುಳಲ್ಲಿ ಬುತ್ತಿ ಗಂಟು. ರೊಟ್ಟಿ, ಶೇಂಗಾ ಹಿಂಡಿ, ಯಾರೋ ಹೋಳಿಗೆಯನ್ನೇ ಮಾಡಿದ್ದರು. ಹಿಂದೆ ಗಂಡಸರ ಗುಂಪು, ಕೈಯಲ್ಲಿ ಕಲ್ಲು. ಪ್ರಜ್ಞಾಳ ಕೈಯ ಸುದ್ದಿ ಅವರಿಗೂ ಮುಟ್ಟಿತ್ತು. ಮುಂದಿದ್ದವನ ಕಲ್ಲು ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ.

"ಕಲ್ಲ ಒಗದ್ರ ಅವ ಪೊಲೀಸರನ್ನ ಕರೀತಾನ. ರೊಟ್ಟಿಗೆ ಯಾರನ್ನ ಕರೀತಾನ?"

ಉಳಿದವರು ತಾವೇ ಕೆಳಗೆ ಹಾಕಿದರು.

ಗೇಟಿನಲ್ಲಿ ಹಣಮಂತಪ್ಪ. "ಆಫೀಸಿನ್ಯಾಗ ಇಟ್ಟ ಹೋಗ್ರಿ ತಾಯಿ." ನಮ್ಮ ಓಣಿಯ ಮುದುಕಿ ಕಾಡವ್ವ ಅಲ್ಲೇ ನೆಲಕ್ಕೆ ಕುಂತುಬಿಟ್ಟಳು. "ಬುತ್ತಿ ತಂದಾಕಿ ಕೂಸು ಉಣ್ಣೂದ ನೋಡದ ಹೋಗಾಂಗಿಲ್ಲೋ ಯಪ್ಪಾ. ನಿಮ್ಮ ಕಡೆ ಹಂಗ ಹೋಗತಾರೇನು?"

ಅಷ್ಟರಲ್ಲಿ ಸಾಹುಕಾರರು ಓಡಿಬಂದರು. ನೋಡಿದರೆ ಅವರ ಹೆಂಡತಿಯೂ ಗಂಟು ಹಿಡಿದು ನಿಂತಿದ್ದಾರೆ. ಸಾಹುಕಾರರೇ ಗೇಟು ತೆಗೆಸಿದರು.

ಪಂಕ್ತಿ ಕೂತಿತು. ಒಂದೊಂದು ಮಗುವಿನ ಮುಂದೆ ಒಬ್ಬೊಬ್ಬ ಹೆಂಗಸು. ಅರ್ಧ ರೊಟ್ಟಿ ತಿಂದರು, ಅರ್ಧ ಅಂಗಿಯೊಳಗೆ ಬಚ್ಚಿಟ್ಟುಕೊಂಡರು. ಕೈ ಚಾಚಿದಾಗ ಬರೆ ಕಂಡವು. ಒಂದು ಮಗುವಿನದಲ್ಲ, ಸಾಲಿಗೆ ಸಾಲು. ಥೇಟರಿನಲ್ಲಿ ಹೋ ಎಂದು ಅತ್ತವರು ಇಲ್ಲಿ ಅಳಲಿಲ್ಲ. ಸಾಹುಕಾರರ ಹೆಂಡತಿ ಒಂದು ಪುಟ್ಟ ಕೈ ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದರು.

ಸಾಲಿನಲ್ಲಿ ಪ್ರಜ್ಞಾ ಇರಲಿಲ್ಲ.

"ಜ್ವರ ಬಂದಿದ್ದುವ್ರಿ. ದವಾಖಾನಿಗೆ ಕಳಿಸೇನಿ," ಅಂದ ಹಣಮಂತಪ್ಪ.

ಬಾಯವ್ವ ಅಂಗಳದ ನಡುವೆ ನಿಂತು "ಪ್ರಜ್ಞಾ!" ಅಂತ ಕೂಗಿದಳು. ಮತ್ತೆ ಕೂಗಿದಳು. ಅಡುಗೆಮನೆ ಹಿಂದಿನ ಉಗ್ರಾಣದಿಂದ ಬಾಗಿಲು ಬಡಿಯುವ ಸದ್ದು.

ಸಾಹುಕಾರರು ಕೀಲಿಗೆ ಕೈ ಚಾಚಿದರು. ಹಣಮಂತಪ್ಪ ಅವರ ಮುಖ ನೋಡುತ್ತ ನಿಂತ. "ಕೊಡೋ ಲೇ," ಅಂದರು ಸಾಹುಕಾರರು.

ಬಾಗಿಲು ತೆಗೆದರೆ ಪ್ರಜ್ಞಾ ಚೀಲಗಳ ಹಿಂದೆ ಅಡಗಿ ಕುಂತಿದ್ದಳು. ಬೆಳಕಿಗೆ ಕಣ್ಣು ಮುಚ್ಚಿಕೊಂಡಳು. ಬಾಯವ್ವ ಎತ್ತಿಕೊಂಡಳು, ಅಷ್ಟು ದೊಡ್ಡ ಹುಡುಗಿಯನ್ನು ಹಸುಗೂಸಿನ ಹಾಗೆ.

14 ಆಗಸ್ಟ್, ಶುಕ್ರವಾರ. ಮಧ್ಯಾಹ್ನ

ಹೊಸ ಪಿಚ್ಚರ್. ಸಿಳ್ಳೆಯೋ ಸಿಳ್ಳೆಯಂತೆ. ನಾನು ಹೇಳಿರಲಿಲ್ಲವೇ. ನನಗೆ ಇವತ್ತು ರಜೆ.

ಹಣಮಂತಪ್ಪ ಪೊಲೀಸರ ವಶದಲ್ಲಿದ್ದಾನೆ. ಬೆಳಿಗ್ಗೆ ಕಮಿಟಿಯ ಮಂದಿ ಬಂದಿದ್ದರು. "ಆದದ್ದ ಆತು. ಸಂಸ್ಥಾದ ಹೆಸರ ಕೆಡತೈತಿ, ಹೇಳಿಕೆ ಕೊಡಬ್ಯಾಡ." ಬಾಯವ್ವ ನನ್ನ ಮುಖ ನೋಡದೇ ತಾನೇ ಅಂದಳು, "ಒಮ್ಮೆ ಬಾಯಿ ಮುಚ್ಚಿಸಿ ಸಾಕಾಗೈತಿ ನನಗ. ಸೋಮವಾರ ಪೊಲೀಸರ ಮುಂದ ಹೇಳಾಕಿನ." ನಾನೂ ಹೋಗುತ್ತೇನೆ. ಕಾಡವ್ವನೂ ಬರುತ್ತಾಳಂತೆ, ಬುತ್ತಿ ಕಟ್ಟಿಕೊಂಡು. ಪಿಚ್ಚರ್ ಬದಲಾದರೆ ಬದಲಾಗಲಿ.

ಪ್ರಜ್ಞಾ ನಮ್ಮ ಪಡಸಾಲೆಯಲ್ಲಿ ಮಲಗಿದ್ದಾಳೆ. ಅರ್ಧ ಕಥೆ ಬಾಯವ್ವ ಹೇಳಿದ್ದಳಂತೆ, ಈಗಷ್ಟೇ ಕೇಳಿದಳು. "ಮೌಶಿ, ಆ ಪಿಚ್ಚರದಾಗ ಆ ಹುಡುಗೀನ ಯಾರ ಬಿಡಿಸಿದ್ರು?"

"ಯಾರೂ ಇಲ್ಲ."

"ಅಕಿ ಅವ್ವ?"

"ಅಕಿಗೆ ಅವ್ವ ಇರಲಿಲ್ಲ."

"ನನಗ ಅದಾಳ," ಅಂದಳು.

ಶ್ರಾವಣದ ಗಾಳಿ. ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿದೆ. ಪ್ರಜ್ಞಾ ಎದ್ದು ಕುಂತಳು, ಬಾಗಿಲನ್ನೇ ನೋಡುತ್ತಿದ್ದಾಳೆ— ನಿನ್ನೆಯ ಕಲ್ಲು ಇನ್ನೂ ನನ್ನ ಚೀಲದಲ್ಲೇ ಇದೆ, ತಂದು ಬಾಗಿಲಿಗೆ ಅಡ್ಡ ಇಡುತ್ತೇನೆ, ಮುಚ್ಚದ ಹಾಗೆ.